ಸರದಾರ ಎಲ್ಲಿ ಮಲಗುತ್ತಾನೆ

"ನಾಯಿ ಎಲ್ಲಿ ಮಲಗ್ತದ, ಅದೇ ಜಾಗ ಪಕ್ಕಾ. ಆಮ್ಯಾಲ ಯಾರೂ ತಕರಾರ ತಗೀಬಾರ್ದು," ಎಂದು ಅಂಬಾರಾಯ ಮುತ್ಯಾ ಹೇಳಿದಾಗ ಜೇವರ್ಗಿಯ ಆ ಹೊಸ ಲೇಔಟಿನ ಮಂದಿ ತಲೆಯಾಡಿಸಿದರು. ಶಿವಕಾಂತಾ ಮಾತ್ರ ಸರಪಳಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಆ ತುದಿಯಲ್ಲಿ ಅವಳ ತವರೂರು ನೆಲೋಗಿಯಿಂದ ಬಂದ ಬೇಟೆನಾಯಿ ಸರದಾರ, ಇದು ತನ್ನದೇ ಮದುವೆ ಮಾತುಕತೆ ಎಂಬಂತೆ ಬಾಲ ಬೀಸುತ್ತ ನಿಂತಿದ್ದ.

ಸಾಕಿದ ನಾಯಿಗಳನ್ನು ಬಿಚ್ಚಿ ಆಡಿಸಲು ಒಂದು ಖಾಲಿ ಜಾಗದ ಸುತ್ತ ತಂತಿಯ ಜಾಳಿಗೆ ಹಾಕಿಸಬೇಕು ಎಂಬುದಕ್ಕೆ ಯಾರ ವಿರೋಧವೂ ಇರಲಿಲ್ಲ. ತಮ್ಮ ಮನೆಯ ಮುಂದೆ ಮಾತ್ರ ಬೇಡ, ಅಷ್ಟೇ. ಖಾಲಿ ಇದ್ದದ್ದು ಮೂರು ಜಾಗ. ಮೊದಲನೆಯ ಜಾಗದ ಪಕ್ಕ ಮದೀನಾಬಿಯ ಕೋಳಿಗಳು. ಎರಡನೆಯದು ಎರೆ ಮಣ್ಣು, ಎರಡು ಹನಿ ಬಿದ್ದರೆ ಅರ್ಧ ನೆಲ ಕಾಲಿಗಂಟಿ ಮನೆಗೇ ಬರುತ್ತದೆ. ಮೂರನೆಯದು ಸ್ವತಃ ಮುತ್ಯಾರ ಮನೆಯ ಬಗಲಿಗೆ. ಅವರಿಗೆ ಮಧ್ಯಾಹ್ನ ನಿದ್ದೆ ಬೇಕೇ ಬೇಕು. ಜಗಳ ಮುಗಿಯದಿದ್ದಾಗ ಮುತ್ಯಾ ಹಳೆಯ ಪದ್ಧತಿಯೊಂದನ್ನು ಹೊರಗೆ ತೆಗೆದಿದ್ದರು.

"ನಮ್ಮ ಹೊಲದಾಗ ಕೊಟಗಿ ಕಟ್ಟಬೇಕಾದ್ರ ಆಕಳ ಬಿಟ್ಟು ನೋಡ್ತಿದ್ದೆವು. ಎಲ್ಲಿ ಕಾಲ ಮಡಚಿ ಮೆಲಕ ಹಾಕ್ತದ, ಅಲ್ಲೇ ಗೂಟ. ನಾಯಿಗೂ ಅದೇ ಕಾಯ್ದಾ."

ಉಳಿದವರಿಗೆ ಅದೊಂದು ಮೋಜು. ಶಿವಕಾಂತಾಳಿಗೆ ಜೀವದ ಪ್ರಶ್ನೆ. ಸರದಾರ ಎರಡು ಸಲ ಸರಪಳಿ ಹರಿದುಕೊಂಡು ಹೋಗಿ, ಒಮ್ಮೆಯಂತೂ ಮದೀನಾಬಿಯ ಕೋಳಿಗೂಡನ್ನೇ ಬುಡಮೇಲು ಮಾಡಿ ಬಂದಿದ್ದ. ದೂರು ಕೇಳಿ ಕೇಳಿ ಬೇಸತ್ತಿದ್ದ ಅವಳ ಗಂಡ ಜಗದೇವ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ: "ಇವತ್ತು ಜಾಗ ಗೊತ್ತಾಗ್ಲಿಲ್ಲಂದ್ರ ಸಂಜೀಕ ಇದನ್ನ ನೆಲೋಗಿಗಿ ಬಿಟ್ಟು ಬರ್ತೇನಿ. ನಿನ್ನ ತವರಿನ ಕಾಣಿಕಿ ಸಾಕಾಗ್ಯದ ನನಗ." ಈಗ ಅವನು ಈ ಆಟಕ್ಕೂ ತನಗೂ ಸಂಬಂಧವಿಲ್ಲ ಎನ್ನುವಂತೆ ದೂರದಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ.

ಶಿವಕಾಂತಾ ಸರಪಳಿ ಬಿಚ್ಚಿದಳು. ಸರದಾರ ಒಂದು ಸುತ್ತು ಓಡಿ ಬಂದು ರಸ್ತೆಯ ಮೇಲೆ ಅವಳ ಕಾಲ ಬಳಿಯೇ ಮಲಗಿದ.

"ರಸ್ತಾ ನಡ್ಯಂಗಿಲ್ಲ, ಅದು ಪುರಸಭಾದ್ದು," ಎಂದರು ಮುತ್ಯಾ. ಶಿವಕಾಂತಾ ಮೊದಲನೆಯ ಜಾಗಕ್ಕೆ ಹೋದಳು. ಅವನು ಅಲ್ಲಿಗೂ ಬಂದು ಮಲಗಿದ. "ಯಾ ಅಲ್ಲಾ, ನನ್ನ ಕೋಳಿ!" ಎಂದು ಮದೀನಾಬಿ ಕೂಗಿದಾಗ ಎರಡನೆಯದಕ್ಕೆ ಸರಿದಳು. ಹೊಟ್ಟೆಯವರೆಗೆ ರಾತ್ರಿ ಮಳೆಯ ಕೆಸರು ಬಳಿದುಕೊಂಡು ಅಲ್ಲಿಯೂ ಮಲಗಿದ. ಮಂದಿ ನಕ್ಕು ನಕ್ಕು ಸುಸ್ತಾದರು.

"ಏನ್ ಬೇ ಶಿವಕಾಂತಾ, ಅದು ಜಾಗ ಎಲ್ಲಿ ನೋಡಾಕತ್ತದ? ನಿನ್ನ ಮಾರಿ ನೋಡಾಕತ್ತದ!" ಎಂದಳು ಮದೀನಾಬಿ.

ಮುತ್ಯಾ ರುಮಾಲು ಸರಿಸಿ ತಲೆ ಕೆರೆದುಕೊಂಡರು. ಅವರ ಆಕಳು ಹೀಗೆಂದೂ ಮಾಡಿರಲಿಲ್ಲ. "ಯವ್ವಾ, ನೀ ಮನಿಗಿ ಹೋಗು. ಬಾಕಲಾ ಹಾಕ್ಕೋ."

ಶಿವಕಾಂತಾ ಬಾಗಿಲು ಹಾಕಿಕೊಂಡು ಮಾಳಿಗೆ ಏರಿದಳು. ಕೊರಳಪಟ್ಟಿ ಹಿಡಿದುಕೊಂಡಿದ್ದ ಮುತ್ಯಾ ಕೈ ಬಿಟ್ಟದ್ದೇ ತಡ, ಸರದಾರ ಓಡಿದ. ಅದೇನು ಓಟ! ಮೂರೂ ಜಾಗಗಳನ್ನು ಸೇರಿಸಿ ಒಂದೇ ಹೊಲ ಮಾಡಿಕೊಂಡವನಂತೆ, ಕಿವಿ ಹಿಂದಕ್ಕೆ ಮಲಗಿಸಿ, ನೆಲ ಮುಟ್ಟಿಯೂ ಮುಟ್ಟದ ಹಾಗೆ ಓಡಿದ. ಕೋಳಿಗೂಡಿಗೆ ಅಡ್ಡ ನಿಂತಿದ್ದ ಮದೀನಾಬಿ ಕೂಡ ಬಾಯಿಗೆ ಕೈ ಹಚ್ಚಿ ನೋಡಿದಳು. ಇಷ್ಟು ದಿನ ಇವನನ್ನು ಗೂಟಕ್ಕೆ ಕಟ್ಟಿ ಹಾಕಿದ್ದೆನಲ್ಲ ಎಂದು ಶಿವಕಾಂತಾಳ ಕಣ್ಣು ತುಂಬಿದವು. ಹಾಗೆಯೇ ನೆಲೋಗಿಯ ದಾರಿ ಹಿಡಿದರೇನು ಗತಿ ಎಂದು ಹೆದರಿಕೆಯೂ ಆಯಿತು. ಒಂದು ಸೀಟಿ ಹೊಡೆದರೆ ಬಂದಾನು. ಹೊಡೆಯಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ದಣಿದ ಸರದಾರ ನಿಂತು ಅತ್ತಿತ್ತ ನೋಡಿದ. ಮುತ್ಯಾರ ಧೋತರ ಮೂಸಿದ, ಮದೀನಾಬಿಯನ್ನು ದೂರದಿಂದಲೇ ಮೂಸಿದ, ಯಾರೂ ಬೇಡವೆಂದು ಮುಂದೆ ನಡೆದ. ಮೂರನೆಯ ಜಾಗದ ನಟ್ಟನಡುವೆ ಜಗದೇವ ಇನ್ನೂ ಫೋನಿನಲ್ಲಿ ಮಾತಾಡುತ್ತಿದ್ದ.

"ಏಯ್, ಹೋಗು! ನನ್ನ ಕಡಿ ಯಾಕ ಬರಾಕತ್ತಿ?"

ಸರದಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಜಗದೇವನ ಎರಡೂ ಪಾದಗಳ ಮೇಲೆ ಕೆಸರು ಮೈ ಚೆಲ್ಲಿ, ದೊಡ್ಡದೊಂದು ಉಸಿರು ಬಿಟ್ಟು ಕಣ್ಣು ಮುಚ್ಚಿದ.

ಕೇಕೆ ಎದ್ದಿತು. "ಹೋತು ನನ್ನ ನಿದ್ದಿ," ಎಂದು ಮುತ್ಯಾ ಹಣೆ ಬಡಿದುಕೊಂಡರು. ತಾವೇ ಮಾಡಿದ ಕಾಯ್ದೆ, ಯಾರ ಮುಂದೆ ದೂರಬೇಕು? ನಗುತ್ತಲೇ ಎಲ್ಲರನ್ನೂ ಚಹಾಕ್ಕೆ ಕರೆದರು. ಜಗದೇವ ಮಾತ್ರ ಕದಲಲಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು, ಅಂಗಿ ಬೆನ್ನಿಗಂಟಿತ್ತು. ಶಿವಕಾಂತಾ ಮಾಳಿಗೆ ಇಳಿದು ಓಡೋಡಿ ಬಂದಳು.

"ಸರೀರಿ, ನಾ ಹಿಡ್ಕೋತೇನಿ."

"ಶ್! ಈಗ ಕಣ್ಣ ಹತ್ಯಾವ. ಎಬ್ಬಸಬ್ಯಾಡ."

ಆಮೇಲೆ ಪಾದ ಅಲುಗದಂತೆ ಕತ್ತನ್ನಷ್ಟೇ ಹೊರಳಿಸಿ, ದನಿ ತಗ್ಗಿಸಿ ಕರೆದ: "ಮುತ್ಯಾ, ಜಾಳಿಗಿ ಆಮ್ಯಾಲ ಹಾಕೂಣ್ರಿ. ಮೊದ್ಲ ಇಲ್ಲೊಂದು ಬೇವಿನ ಗಿಡ ಹಚ್ಚೂಣು. ದಿನಾ ಬಂದು ನಿಲ್ಲಾಕ ನನಗ ನೆರಳ ಬ್ಯಾಡೇನು?"