ಗೊರಸು ಕೆತ್ತುವವನು

ದೇವೀರಮ್ಮನ ಹಸುವಿನ ಗೊರಸು ಬೆಳೆದು ಮುಂದಕ್ಕೆ ಬಾಗಿತ್ತು. ಕಾಲೂರಿದರೆ ನೋವು, ಮೇವನ್ನೂ ಮುಟ್ಟುತ್ತಿರಲಿಲ್ಲ. ತುಂಬು ಗಬ್ಬದ ಹಸು, ಹಗ್ಗ ಹಾಕಿ ಕೆಡವುವಂತಿಲ್ಲ. ನಿಂತಂತೆಯೇ ಗೊರಸು ಕೆತ್ತಬಲ್ಲವನು ಊರಿಗೆಲ್ಲ ಮರಿಸ್ವಾಮಿ ಒಬ್ಬನೇ.

“ಆಗಾಕಿಲ್ಲ ಕಣಕ್ಕ,” ಎಂದ ಅವನು, ಪೊದೆಯಂತೆ ಬೆಳೆದ ಗಡ್ಡ ಕೆರೆದುಕೊಳ್ಳುತ್ತ. “ಹೆಂಡ್ರು ಬಸುರಿ. ಹೆರಿಗೆ ಆಗೋಗಂಟ ನಾನು ಉಳಿ ಹಿಡಿಯಂಗಿಲ್ಲ, ಗಡ್ಡಾನೂ ತೆಗೆಯಂಗಿಲ್ಲ. ಈಗಿನ್ನೂ ಐದು ತಿಂಗ್ಳು.”

“ಅಲ್ಲೀಗಂಟ ನನ್ನ ಹಸ ತಡೆದೀತೇನಪ್ಪ?”

“ನಾನೇನ್ ಮಾಡ್ಲಕ್ಕ? ಮದ್ವೆಯಾಗಿ ಎಷ್ಟೋ ವರ್ಸಕ್ಕೆ ಬಸ್ರು ನಿಂತದೆ.”

ಅವಳು ಮನೆಗೆ ಹಿಂದಿರುಗಿ, ಹಸುವಿನ ಕಾಲಿಗೆ ಬಿಸಿನೀರು ಹುಯ್ಯುತ್ತ ಕೂತಳು. ಅದು ಬಿಟ್ಟರೆ ಅವಳ ಕೈಲಾಗುವುದು ಇನ್ನೇನೂ ಇರಲಿಲ್ಲ.

ಆ ವಾರವೇ ಒಂದು ಬೆಳಗ್ಗೆ, ಮುಖ ಮುಚ್ಚುವಂತೆ ಟವೆಲು ಸುತ್ತಿಕೊಂಡು ಮರಿಸ್ವಾಮಿ ಕೊಟ್ಟಿಗೆಗೆ ಬಂದ. ಹಸುವಿನ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಕೆತ್ತತೊಡಗಿದ.

ದೇವೀರಮ್ಮನ ಕಣ್ಣು ತುಂಬಿತು. “ಮೂಕಪ್ರಾಣಿ ಸಂಕಟ ನೋಡ್ನಾರ್ದೆ ಬಂದೆಯಲ್ಲ! ನಿನ್ನ ಹೆಂಡ್ತಿಗೆ ಸುಖವಾಗಿ ಹೆರಿಗೆ ಆಗ್ಲಪ್ಪ.”

ಕೆಲಸ ಮುಗಿಸಿದ ಮರಿಸ್ವಾಮಿ ಬೆವರೊರೆಸಿಕೊಳ್ಳಲು ಟವೆಲು ಬಿಚ್ಚಿದ. ಮುಖದಲ್ಲಿ ಗಡ್ಡವಿರಲಿಲ್ಲ.