ಬಳ್ಳಿಗೆ ಬಿದ್ದ ಹುಳ

ರಮ್ ಬಾಟಲಿಯ ಬಾಯಿಗೆ ಬಿರಡೆಯ ಬದಲು ಬಾಳೆಲೆಯ ಸುರುಳಿ ತುರುಕಿದ್ದನ್ನು ಕಂಡ ಕೂಡಲೇ ಸುವಜಾರಾಳಿಗೆ ಗಂಡನ ಮೇಲೆ ಅನುಮಾನ ಬಂತು. ಹಿರಿಯರ ಹೆಸರಿನಲ್ಲಿ ಎರಡು ತೊಟ್ಟು ನೆಲಕ್ಕೆ ಬಿಟ್ಟು ವೆನಿಲ್ಲಾ ಕಂಪನಿಯ ಜೊತೆ ಕರಾರು ಗಟ್ಟಿಮಾಡಬೇಕೆಂದು ತಿಂಗಳುಗಟ್ಟಲೆ ಅವನ ಕಣ್ಣಿಂದ ಬಚ್ಚಿಟ್ಟುಕೊಂಡು ಬಂದಿದ್ದ ಬಾಟಲಿ ಅದು. ಅತ್ತ ಅಂತಲಾಹ ಪಟ್ಟಣದಿಂದ ಬಂದ ಕಂಪನಿಯವರ ಜೀಪು ಆಗಲೇ ಹೊಳೆಯ ಆಚೆ ದಡದಲ್ಲಿ ನಿಂತಿತ್ತು. ಇನ್ನು ದೋಣಿ ದಾಟುವುದಷ್ಟೇ ಬಾಕಿ.

“ಏ ಮುದುಕಾ, ಬಿರಡೆ ಎಲ್ಲಿ?”

ವೆನಿಲ್ಲಾ ಬಳ್ಳಿಗಳ ಸಂದಿಯಿಂದ ತಿಲಾಹಿ ಕೆಮ್ಮುತ್ತಾ ಹೊರಬಂದ. “ಯಾವ ಬಿರಡೆ?”

“ನಿನ್ನ ಗಂಟಲಿಗೆ ಹಾಕೋ ಬಿರಡೆ! ಕುಡಿದ್ಯಾ?”

“ಒಂದು ತೊಟ್ಟೂ ಮುಟ್ಟಿಲ್ಲ ಕಣೇ. ಬೇಕಾದ್ರೆ ಮೂಸಿ ನೋಡು.”

ಅವಳು ನಿಜಕ್ಕೂ ಮೂಸಿದಳು. ವಾಸನೆ ಇರಲಿಲ್ಲ; ಅದೇ ಅವಳಿಗೆ ಇನ್ನೂ ಕೆಟ್ಟದ್ದಾಗಿ ಕಂಡಿತು. ಅವನ ಸೊಂಟದ ಚೀಲಕ್ಕೆ ಕೈಹಾಕಿ ಎಳೆದಳು. ಬಿರಡೆ ಅಲ್ಲೇ ಇತ್ತು, ತಲೆತುಂಬ ಗುಂಡುಸೂಜಿ ನೆಟ್ಟುಕೊಂಡು.

ಆ ಗುಡ್ಡದಲ್ಲಿ ವೆನಿಲ್ಲಾ ಬೆಳೆಯುವವರೆಲ್ಲ ಕಾಯಿ ಹಸಿರಿದ್ದಾಗಲೇ ಬಿರಡೆಗೆ ನೆಟ್ಟ ಸೂಜಿಗಳಿಂದ ತಮ್ಮ ಗುರುತು ಚುಚ್ಚಿಬಿಡುತ್ತಾರೆ. ಗಾಯ ಒಣಗಿ ಚುಕ್ಕಿಯಾಗುತ್ತದೆ. ಆಮೇಲೆ ಕಾಯಿ ಬೆಂದು, ಒಣಗಿ, ಕಪ್ಪಾಗಿ ಯಾವ ಸಂತೆಗೆ ಹೋದರೂ ಆ ಚುಕ್ಕಿ ಅಳಿಯುವುದಿಲ್ಲ. ತಿಲಾಹಿಯದು ಒಲೆಗಲ್ಲಿನ ಹಾಗೆ ಮೂರು ಚುಕ್ಕಿ. ಕಂಪನಿಗೆ ಇದು ಬೇಡ. ರೈತರ ಗುರುತು ಹೋಗಬೇಕು, ಕಾಯಿಗೆಲ್ಲ ಕಂಪನಿಯದೇ ಮುದ್ರೆ ಬೀಳಬೇಕು. ಬದಲಿಗೆ ಬಂದೂಕಿನವರನ್ನು ಇಟ್ಟು ತೋಟ ಕಾಯುವುದು ಕಂಪನಿಯ ಹೊಣೆ. ದುಡ್ಡಿನ ಮಾತು ಸುವಜಾರಾಳ ಕಿವಿಗೆ ಬಿದ್ದಿರಲೇ ಇಲ್ಲ. ಅವಳಿಗೆ ಕೇಳಿಸಿದ್ದು ಕಾವಲಿನ ಮಾತು ಮಾತ್ರ. ಹೋದ ವರ್ಷ ಕಳ್ಳರು ಪಕ್ಕದ ತೋಟದವನ ಭುಜಕ್ಕೆ ಮಚ್ಚು ಹಾಕಿದ ಮೇಲೆ, ಈ ಕೆಮ್ಮು ಕಟ್ಟಿಕೊಂಡು ತಿಲಾಹಿ ಕಾಯಿಗಾಲ ಪೂರ್ತಿ ತೋಟದ ಗುಡಿಸಲಲ್ಲೇ ಮಲಗುತ್ತಿದ್ದ. ಗಂಡ ಮನೆಗೆ ಬಂದು ತನ್ನ ಪಕ್ಕದ ಚಾಪೆಯಲ್ಲಿ ಬಿದ್ದುಕೊಂಡರೆ ಅವಳಿಗೆ ಸಾಕಾಗಿತ್ತು.

“ಬಂದವರಿಗೆ ತೋರಿಸಬೇಕು, ಮುಂದಿನ ಸಾಲಿನ ಬಳ್ಳಿಗೆ ನಿನ್ನ ಗುರುತು ಹಾಕಬೇಡ ಅಂತ ಬಡ್ಕೊಂಡಿದ್ನೋ ಇಲ್ವೋ?”

“ನಂದು ಹಾಕಿಲ್ಲ,” ಎಂದ ತಿಲಾಹಿ. “ನಿಂದು ಹಾಕಿದೀನಿ.”

ಸುವಜಾರಾ ಓಡಿಹೋಗಿ ಒಂದು ಗೊಂಚಲು ಎತ್ತಿ ಹಿಡಿದಳು. ಒಂದೊಂದು ಕಾಯಿಯ ಮೇಲೂ ಅವಳ ಹೆಸರಿನ ಮೊದಲ ಅಕ್ಷರಗಳು, ಕಂದುಚುಕ್ಕಿಗಳಲ್ಲಿ. ಹುಟ್ಟಿದಂದಿನಿಂದ ಮೂರು ಚುಕ್ಕಿ ಬಿಟ್ಟು ಬೇರೇನೂ ಚುಚ್ಚದ ಪುಣ್ಯಾತ್ಮ, ಬಿರಡೆಯ ಮೇಲೆ ಅಕ್ಷರವನ್ನು ನೆಟ್ಟಗೆ ನೆಟ್ಟಿದ್ದ. ಕಾಯಿಯ ಮೇಲೆ ಅದು ತಿರುವುಮುರುವಾಗಿ ಮೂಡಿತ್ತು.

“ಮಂಗ! ಎಲ್ಲಾ ಉಲ್ಟಾ ಬಿದ್ದಿದೆಯಲ್ಲೋ!”

“ಕನ್ನಡಿ ಹಿಡ್ಕೊಂಡು ಓದ್ಕೋ. ಹೇಗೂ ದಿನವೆಲ್ಲ ಹಿಡ್ಕೊಂಡೇ ಇರ್ತೀಯಲ್ಲ.”

ಅವಳು ಬಾಯಿ ತೆರೆಯುವಷ್ಟರಲ್ಲಿ ಹೂಡಿಕೆ ಕಚೇರಿಯ ನೌಕರ ಫಾನಿರಿ ಕಂಪನಿಯ ಇಬ್ಬರು ಪರದೇಶದ ಸಾಹುಕಾರರನ್ನು ಕರೆದುಕೊಂಡು ಗುಡ್ಡ ಹತ್ತಿ ಬಂದೇಬಿಟ್ಟ. ಅವರಲ್ಲಿ ಹಿರಿಯವನು ಬಗ್ಗಿ, ಕಾಯಿಯ ಚುಕ್ಕಿಗಳ ಮೇಲೆ ಹೆಬ್ಬೆರಳಾಡಿಸಿ ಏನೋ ಕೇಳಿದ. ಫಾನಿರಿಯ ಮುಖ ಇಳಿಯಿತು. ಅವಸರದಲ್ಲಿ ಅವರ ಭಾಷೆಯಲ್ಲೇ ಉತ್ತರಿಸಿ, ಈ ಕಡೆ ತಿರುಗಿ ಪಿಸುಗುಟ್ಟಿದ: “ಹುಳ ಕಡಿದಿದೆ ಅಂದಿದೀನಿ. ನಿಮ್ಮ ದಮ್ಮಯ್ಯ, ಬಾಯಿ ಬಿಡಬೇಡಿ ಅಮ್ಮಾ. ಇಂಥ ಅವಕಾಶ ಈ ಗುಡ್ಡಕ್ಕೆ ಮತ್ತೆ ಬರಲ್ಲ.”

ಸಾಹುಕಾರ ಮುದುಕರಿಬ್ಬರನ್ನೂ ನೋಡಿ ಕನಿಕರದಿಂದ ನಕ್ಕು ಇನ್ನೇನೋ ಹೇಳಿದ.

“ಚಿಂತೆ ಮಾಡಬೇಡಿ ಅಂತಾರೆ,” ಫಾನಿರಿಗೆ ಹೋದ ಜೀವ ಬಂದಂತಾಗಿತ್ತು. “ಅವರ ಹತ್ತಿರ ಒಳ್ಳೇ ಔಷಧಿ ಇದೆಯಂತೆ. ಒಂದು ಸಲ ಹೊಡೆದ್ರೆ ಗುಡ್ಡದಲ್ಲಿ ಆ ಹುಳದ ಸಂತಾನವೇ ಉಳಿಯಲ್ಲವಂತೆ. ಹೂಂ, ರಮ್ ಬಿಡಿ ಅಮ್ಮಾ, ಶುಭಕಾರ್ಯ ಆಗಿಹೋಗಲಿ.”

ಸುವಜಾರಾ ಬಾಟಲಿ ಬಗ್ಗಿಸಿದವಳು ಹಾಗೇ ತಡೆದಳು. ರಮ್ ಬಿಡುವಾಗ ಯಾರ ಬೆಳೆ ಎಂದು ಹಿರಿಯರಿಗೆ ಕೂಗಿ ಹೇಳಬೇಕು.

“ಇನ್ಮೇಲೆ ಕಾಯಿ ಮೇಲೆ ಯಾರ ಗುರುತಪ್ಪಾ?”

“ಕಂಪನಿದು.”

“ಕಳ್ಳ ಒಯ್ದು ಸಿಕ್ಕಿಬಿದ್ರೆ?”

“ಗುರುತು ನೋಡಿದ್ರೆ ಕಂಪನಿದು ಅಂತ ಯಾರಿಗಾದ್ರೂ ಗೊತ್ತಾಗುತ್ತಲ್ಲ!”

“ಕಂಪನಿಯೇ ಒಯ್ದರೆ?”

ಫಾನಿರಿ ಅದನ್ನು ಸಾಹುಕಾರರ ಭಾಷೆಗೆ ತಿರುಗಿಸಲಿಲ್ಲ. ತಿಲಾಹಿ ತಲೆ ತಗ್ಗಿಸಿ, ಕೆಮ್ಮು ಕೇಳಿಸದಂತೆ ಬಾಯಿಗೆ ಅಂಗೈ ಒತ್ತಿಕೊಂಡು ನಿಂತಿದ್ದ. ಅವಳು ಒಮ್ಮೆ ಅವನನ್ನು ನೋಡಿದಳು. ಬಾಳೆಲೆಯ ಸುರುಳಿಯನ್ನು ಬಾಟಲಿಗೆ ಮತ್ತೆ ತುರುಕಿದಳು.

“ಹೋಗಲಿ, ಇದೊಂದನ್ನ ಹೇಳು ಅವರಿಗೆ. ಆ ಹುಳ ನನ್ನ ಗಂಡ. ಇವನಿಗೆ ನಾನೇ ಹೊಡೆಯದ ಔಷಧಿ ಇಲ್ಲ. ಹೋಗೋ ಜಾತಿ ಅಲ್ಲ ಇದು.”

ಜೀಪು ಬಂದ ದಾರಿಯಲ್ಲೇ ಹೋಯಿತು. ಬಂದೂಕಿನ ಕಾವಲಿನವರು ಆಚೆ ಗುಡ್ಡಕ್ಕೆ ಹೋದರೆಂದು ಆಮೇಲೆ ಸುದ್ದಿ ಬಂತು.

ಜೀಪು ಹೋದ ದಿನವೇ ಹೊತ್ತು ಮುಳುಗುವ ಮೊದಲು ಸುವಜಾರಾ ಇನ್ನೊಂದು ಚಾಪೆ ತಲೆಮೇಲಿಟ್ಟುಕೊಂಡು, ಮಚ್ಚನ್ನೂ ರಮ್ ಬಾಟಲಿಯನ್ನೂ ಕಂಕುಳಲ್ಲಿ ಅಮುಕಿಕೊಂಡು ತೋಟದ ಗುಡಿಸಲಿಗೆ ಬಂದಳು.

“ಇಲ್ಲಿಗ್ಯಾಕೆ ಬಂದ್ಯೇ? ಮಂಡಿನೋವು ಅಂತ ಸಂಜೆಯಾದ್ರೆ ಮನೆ ಮೆಟ್ಟಿಲೇ ಇಳಿಯಲ್ಲ ನೀನು.”

ಅವಳು ಚಾಪೆಯನ್ನೂ ಮಚ್ಚನ್ನೂ ಕೆಳಗಿಟ್ಟಳು. ಬಾಟಲಿ ತೆಗೆದು ಎರಡು ತೊಟ್ಟು ನೆಲಕ್ಕೆ ಬಿಟ್ಟು, ಯಾರ ಬೆಳೆಯೆಂದು ಇಡೀ ಗುಡ್ಡಕ್ಕೆ ಕೇಳುವಂತೆ ಕೂಗಿ ಹೇಳಿದಳು. ಗುಡಿಸಲಲ್ಲಿ ಒಬ್ಬರು ಮಲಗುವಷ್ಟೇ ಜಾಗವಿತ್ತು. ಅವಳು ಚಾಪೆ ಬಿಚ್ಚಿದಳು.

“ಏ ಹುಳಾ, ಸರಕೊಳ್ಳೋ ಆ ಕಡೆ.”