ಅಜ್ಜನ ಬೋರಲು ಚಪ್ಪಲಿ

ಗಚ್ಚಿಬೌಲಿಯ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ಚಪ್ಪಲಿ ಬೋರಲಾಗಿ ಬಿದ್ದಿದ್ದರೆ ಈಗಲೂ ನಾನು ಅದನ್ನು ನೆಟ್ಟಗೆ ಮಾಡದೆ ಒಳಗೆ ಹೋಗಲಾರೆ.

ನನ್ನ ಬಾಲ್ಯದಲ್ಲಿ ನಾವು ಇದೇ ಊರಿನ ಕುಷಾಯಿಗೂಡದಲ್ಲಿದ್ದೆವು. ದವಾಖಾನೆಗೆಂದು ರಾಯಚೂರಿನಿಂದ ಬಂದಿದ್ದ ಅಜ್ಜ ಪಡಸಾಲೆಯ ಮಂಚದ ಮೇಲೆ ಮಲಗಿರುತ್ತಿದ್ದರು. ಎರಡು ರಾತ್ರಿಯಿಂದ ಬೀದಿನಾಯಿಯೊಂದು ನಮ್ಮ ಗೇಟಿನ ಮುಂದೆ ಕೂತು ಅಳುತ್ತಿತ್ತು. ನಾಯಿ ಅತ್ತರೆ ಸಾವು ಎಂದು ನಂಬಿದ್ದ ಅಜ್ಜಿ ಮನೆಯವರ ಚಪ್ಪಲಿಗಳನ್ನೆಲ್ಲ ಬೋರಲು ಹಾಕಿದ್ದರು. ಹಾಗೆ ಮಾಡಿದರೆ ನಾಯಿ ಸುಮ್ಮನಾಗುತ್ತದಂತೆ. ಆಗಲಿಲ್ಲ. ಮೂರನೆಯ ದಿನ ಮಧ್ಯಾಹ್ನವೂ ಅಳುತ್ತಲೇ ಇತ್ತು. ಅಜ್ಜಿ ರೊಟ್ಟಿ ಹಾಕಿ ಬಂದರು. ಅದು ಮೂಸಿಯೂ ನೋಡಲಿಲ್ಲ.

"ಹಸಿವಲ್ಲ ಅದು," ಎಂದರು ಅಜ್ಜ. "ನನ್ನ ಕರಿಯಾಕತ್ತೈತಿ."

"ಹಂಗನಬ್ಯಾಡ್ರಿ," ಎಂದು ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನಾನು ಮೆಲ್ಲಗೆ ಮಾಳಿಗೆ ಹತ್ತಿದೆ. ಸಾಕಬೇಕೆಂಬ ಆಸೆಯಿಂದ ನೀರಿನ ಟ್ಯಾಂಕಿನ ಹಿಂದೆ ರಟ್ಟಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ ನಾಯಿಮರಿಯನ್ನು ಅಂಗಿಯೊಳಗೆ ಸೇರಿಸಿಕೊಂಡು ಇಳಿದು, ಗೇಟಿನ ಹೊರಗೆ ಬಿಟ್ಟೆ. ಅಳುತ್ತಿದ್ದ ನಾಯಿ ಅದನ್ನು ಬಾಯಲ್ಲಿ ಎತ್ತಿಕೊಂಡು ಓಡಿತು. ಮರಿಯ ಹಾಲುವಾಸನೆ ನನ್ನ ಅಂಗಿಯಲ್ಲೇ ಉಳಿಯಿತು.

ಒಳಗೆ ಬಂದಾಗ ಅಜ್ಜನ ಮುಖ ಹಗುರಾಗಿತ್ತು. "ಸುಮ್ಮನಾತು, ಕೇಳಿದೇನು?" ಎಂದರು. "ಈಗ ಮನಸಿನ್ಯಾಗ ಬರ್ತೀನಿ ಅಂದೆ. ಅದಕ್ಕ ಕೇಳಿಸ್ತು ನೋಡು."

ಹೇಳಲು ಬಾಯಿ ತೆರೆದೆ. ಅಜ್ಜಿ ಬೈಯುತ್ತಾರೆಂದು ಮುಚ್ಚಿದೆ.

ಅಂದಿನಿಂದ ಅಜ್ಜ ಗುಳಿಗೆ ನುಂಗಲಿಲ್ಲ. ವಾರ ಕಳೆಯುವುದರೊಳಗೆ ಮನೆಯ ಮುಂದೆ ನೆಂಟರ ಚಪ್ಪಲಿಗಳು ರಾಶಿಬಿದ್ದವು. ಅವುಗಳ ನಡುವೆ ಅಜ್ಜನವು ಮಾತ್ರ ಇನ್ನೂ ಬೋರಲಾಗಿಯೇ ಇದ್ದವು.